ಹಿರಿಯರ ಆರೋಗ್ಯ ನೀತಿ ಫೆಲೋಶಿಪ್: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಿಂದ ಅರ್ಜಿ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ವೈದ್ಯರು, ನರ್ಸಿಂಗ್ ಅಧಿಕಾರಿಗಳು, ಫಿಸಿಯೋಥೆರಪಿಸ್ಟರು, ಸಮಾಜಕಾರ್ಯ ಓದಿದವರು, ವಕೀಲರು, ಪತ್ರಕರ್ತರು ಹೀಗೆ ಬೇರೆ ಬೇರೆ ವೃತ್ತಿಯವರನ್ನು ಕೆಲವು ತಿಂಗಳು ದಿನನಿತ್ಯದ ಕೆಲಸದಿಂದ ಬಿಡಿಸಿ, ಒಂದು ನೀತಿ ಎಲ್ಲಿ ಹುಟ್ಟುತ್ತದೆ, ಅದಕ್ಕೆ ಹಣ ಯಾರು ಕೊಡುತ್ತಾರೆ, ಆದೇಶ ಯಾವ ಮೇಜಿನ ಮೇಲೆ ಕೂತು ತಡವಾಗುತ್ತದೆ ಎಂಬುದನ್ನು ಒಳಗಿನಿಂದ ತೋರಿಸುವ ವ್ಯವಸ್ಥೆಗೆ ನೀತಿ ಫೆಲೋಶಿಪ್ ಎನ್ನುತ್ತಾರೆ. ಬಹುತೇಕ ಇದು ಪದವಿ ಅಲ್ಲ, ಹೆಸರಿನ ಮುಂದೆ ಅಕ್ಷರ ಸೇರುವುದಿಲ್ಲ. ನಮ್ಮ ಭಾಗದಿಂದ ಹೋಗುವ ಅರ್ಜಿಗಳು ಎಡವುವುದು ಇಲ್ಲೇ. ಅರ್ಜಿದಾರರು ರೋಗದ ಬಗ್ಗೆ ಬರೆಯುತ್ತಾರೆ, ಆಯ್ಕೆ ಸಮಿತಿ ನಿರ್ಧಾರದ ಬಗ್ಗೆ ಕೇಳುತ್ತದೆ. ಮರೆವಿನ ಕಾಯಿಲೆ ಎಷ್ಟು ಘೋರ ಎಂದು ಎರಡು ಪುಟ ಬರೆದವರಿಗಿಂತ, ಯಾವ ಕಡತದ ಮೇಲೆ ಯಾರ ಸಹಿ ಬಿದ್ದರೆ ಎಷ್ಟು ಜನ ಹಿರಿಯರಿಗೆ ಏನು ಬದಲಾಗುತ್ತದೆ ಎಂದು ಅರ್ಧ ಪುಟದಲ್ಲಿ ಹೇಳಿದವರ ಅರ್ಜಿ ಮುಂದೆ ಹೋಗುತ್ತದೆ. ಆ ಸಹಿ ಹುಡುಕುವುದೇ ಇಲ್ಲಿನ ಮುಖ್ಯ ಕೆಲಸ. ಪ್ರಬಂಧ, ಶಿಫಾರಸು ಪತ್ರ, ಸಂದರ್ಶನ ಎಲ್ಲವೂ ಅದಕ್ಕೆ ಜೋತುಬಿದ್ದಿರುತ್ತವೆ.

ಸಮಯದ ಲೆಕ್ಕ ಮೊದಲೇ ಹೇಳಿಬಿಡಬೇಕು. ಫೆಲೋಶಿಪ್ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ ಕನಿಷ್ಠ 14 ತಿಂಗಳು ಕೈಯಲ್ಲಿರಲಿ. ಸರ್ಕಾರಿ ನೌಕರರಾದರೆ 18. ಅರ್ಜಿ ನಮೂನೆ ತುಂಬಲು ಒಂದು ವಾರ ಸಾಕು. ಉಳಿದ ತಿಂಗಳೆಲ್ಲ ಅಂಕಿ ಕೂಡಿಸುವುದಕ್ಕೂ ಕಾಗದ ಓಡಾಡುವುದಕ್ಕೂ ಹೋಗುತ್ತವೆ.

ಯಾವುದಕ್ಕೆ ಹಾಕಬೇಕು

ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ಹೆಲ್ತ್ ಅಂಡ್ ಏಜಿಂಗ್ ಪಾಲಿಸಿ ಫೆಲೋಸ್ ಕಾರ್ಯಕ್ರಮ. ಅಲ್ಲಿ ಎರಡು ದಾರಿ ಇವೆ. ವಾಷಿಂಗ್ಟನ್‌ನಲ್ಲೇ ಉಳಿದು ಕಾಂಗ್ರೆಸ್ ಸದಸ್ಯರ ಕಚೇರಿಯಲ್ಲೋ ಸರ್ಕಾರದ ಇಲಾಖೆಯಲ್ಲೋ ಪೂರ್ಣಾವಧಿ ಕೆಲಸ ಮಾಡುವುದು ಒಂದು. ಇದ್ದ ಕೆಲಸ ಇಟ್ಟುಕೊಂಡೇ ಯೋಜನೆಯೊಂದನ್ನು ನಡೆಸುವುದು ಇನ್ನೊಂದು. ಇದನ್ನು ರೂಪಿಸಿದ್ದು ಅಮೆರಿಕದ ವ್ಯವಸ್ಥೆಯೊಳಗೆ ದುಡಿಯುವವರಿಗಾಗಿ. ಧಾರವಾಡದಲ್ಲಿ ಕೂತು ಇದಕ್ಕೆ ಅರ್ಜಿ ತಯಾರಿಸುವುದು ವ್ಯರ್ಥ. ಆದರೆ ಅದರ ಹಳೆಯ ಫೆಲೋಗಳು ಏನು ಮಾಡಿದರು ಎಂದು ಓದುವುದು ವ್ಯರ್ಥವಲ್ಲ. ಯೋಜನೆಯನ್ನು ಎಷ್ಟು ಕಿರಿದಾಗಿ ಇಟ್ಟುಕೊಳ್ಳಬೇಕು ಎಂಬುದಕ್ಕೆ ಒಳ್ಳೆಯ ಮಾದರಿ ಅಲ್ಲಿ ಸಿಗುತ್ತದೆ.

ನಮ್ಮವರಿಗೆ ನಿಜಕ್ಕೂ ಬಾಗಿಲು ತೆರೆದಿರುವುದು ಅಟ್ಲಾಂಟಿಕ್ ಫೆಲೋಸ್ ಫಾರ್ ಈಕ್ವಿಟಿ ಇನ್ ಬ್ರೈನ್ ಹೆಲ್ತ್. ಇದನ್ನು ನಡೆಸುವುದು ಗ್ಲೋಬಲ್ ಬ್ರೈನ್ ಹೆಲ್ತ್ ಇನ್‌ಸ್ಟಿಟ್ಯೂಟ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆ, ಡಬ್ಲಿನ್‌ನ ಟ್ರಿನಿಟಿ ಕಾಲೇಜು ಎರಡೂ ಕಡೆ ಅದರ ನೆಲೆ. ಮರೆವಿನ ಕಾಯಿಲೆ ಮತ್ತು ಮೆದುಳಿನ ಆರೋಗ್ಯ ಇದರ ತಿರುಳು. ವೈದ್ಯರಷ್ಟೇ ಅಲ್ಲದೆ ಸಮಾಜವಿಜ್ಞಾನಿಗಳು, ಪತ್ರಕರ್ತರು, ಕಲಾವಿದರು, ನೀತಿ ಕ್ಷೇತ್ರದವರು ಕೂಡ ಸೇರಬಹುದು. ಅಲ್ಲೇ ಉಳಿದು ಕಲಿಯುವ ತರಬೇತಿ, ಭತ್ಯೆ ಕೊಡುತ್ತಾರೆ. ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಮನೋರೋಗ, ನರರೋಗ ವಿಭಾಗದಲ್ಲಿ ಇರುವವರಿಗೆ, ಹಿರಿಯರ ಆರೈಕೆಯಲ್ಲಿ ತೊಡಗಿದ ಸಮಾಜ ಕಾರ್ಯಕರ್ತರಿಗೆ ಇದು ಹೇಳಿ ಮಾಡಿಸಿದಂತಿದೆ.

ಹ್ಯೂಬರ್ಟ್ ಹಂಫ್ರಿ ಫೆಲೋಶಿಪ್ ಸುಮಾರು 10 ತಿಂಗಳದ್ದು. ಪದವಿಯ ನಂತರ ಕನಿಷ್ಠ 5 ವರ್ಷ ಪೂರ್ಣಾವಧಿ ಅನುಭವ ಕೇಳುತ್ತಾರೆ. ಸಾರ್ವಜನಿಕ ಆರೋಗ್ಯ ನೀತಿ ಅದರ ವಿಷಯಗಳಲ್ಲಿ ಒಂದು. ಭಾರತದ ಅರ್ಜಿಗಳನ್ನು ನೋಡಿಕೊಳ್ಳುವುದು ಯುಎಸ್‌ಐಇಎಫ್, ಅಂದರೆ ಅಮೆರಿಕ-ಭಾರತ ಶೈಕ್ಷಣಿಕ ಪ್ರತಿಷ್ಠಾನ. ಅಮೆರಿಕದ ಸರ್ಕಾರಿ ಹಣದಿಂದ ನಡೆಯುವ ಕಾರ್ಯಕ್ರಮವಾದ್ದರಿಂದ ಆ ವರ್ಷದ ಪ್ರಕಟಣೆ ಬಂದಿದೆಯೇ ಎಂದು ನೋಡಿಕೊಂಡೇ ಕೈಹಾಕಿ. ಬ್ರಿಟನ್ನಿನ ಚೀವ್ನಿಂಗ್ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಕೊಡುವ ವಿದ್ಯಾರ್ಥಿವೇತನ. ಅದಕ್ಕೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು; ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕು. ಹಾರ್ವರ್ಡಿನ ತಾಕೆಮಿ ಫೆಲೋಶಿಪ್ ಸಂಶೋಧನೆ ಬರೆದು ಪಳಗಿದವರಿಗೆ. ಭಾರತದೊಳಗೆ ಇದ್ದು ಐದು ವರ್ಷ ಸಂಶೋಧನೆ ಮಾಡುವ ಮನಸ್ಸಿದ್ದವರು ಇಂಡಿಯಾ ಅಲಯನ್ಸ್‌ನ ಸಾರ್ವಜನಿಕ ಆರೋಗ್ಯ ಫೆಲೋಶಿಪ್ ನೋಡಬೇಕು.

ವಯಸ್ಸು 25 ದಾಟದವರಿಗೆ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಇದೆ. ಒಬ್ಬ ಸಂಸದರ ಜೊತೆ ಸುಮಾರು ಒಂದು ವರ್ಷ ಇದ್ದು, ಅವರಿಗೆ ಪ್ರಶ್ನೆ, ಟಿಪ್ಪಣಿ, ಮಸೂದೆಯ ವಿಶ್ಲೇಷಣೆ ತಯಾರಿಸಿ ಕೊಡುವ ಕೆಲಸ. ಹಿರಿಯರ ವಿಷಯಕ್ಕೆಂದೇ ಇರುವುದಲ್ಲ, ಆದರೆ ನೀತಿಯ ಅಕ್ಷರಾಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ದೇಶದೊಳಗೆ ಕಡಿಮೆ. ಇನ್ನು ವರ್ಷವಿಡೀ ಮನೆ ಬಿಟ್ಟಿರಲು ಆಗದವರಿಗೆ ಮಾಲ್ಟಾ ದೇಶದಲ್ಲಿರುವ ವಿಶ್ವಸಂಸ್ಥೆಯ ವೃದ್ಧಾಪ್ಯ ಅಧ್ಯಯನ ಸಂಸ್ಥೆ 1988ರಿಂದ ಸಣ್ಣ ಅವಧಿಯ ತರಬೇತಿ ನಡೆಸುತ್ತಿದೆ. ವೃದ್ಧಾಪ್ಯದ ಬಗೆಗಿನ 2002ರ ಮ್ಯಾಡ್ರಿಡ್ ಅಂತರರಾಷ್ಟ್ರೀಯ ಕ್ರಿಯಾ ಯೋಜನೆಯ ಮೇಲೆ ನೀತಿ ರೂಪಿಸುವುದು ಹೇಗೆ ಎಂಬ ತರಬೇತಿಯೂ ಅದರಲ್ಲಿ ಸೇರಿದೆ.

ಎಲ್ಲದಕ್ಕೂ ಒಟ್ಟಿಗೆ ಹಾಕಬೇಡಿ. ಎರಡು ಸಾಕು. ಒಂದೇ ಪ್ರಬಂಧವನ್ನು ಅಲ್ಲಿ ಇಲ್ಲಿ ತಿದ್ದಿ ನಾಲ್ಕು ಕಡೆ ಕಳಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಸಹಿ ಯಾರದು?

ಹಿರಿಯರ ವಿಷಯ ಒಂದೇ ಇಲಾಖೆಯಲ್ಲಿ ಇಲ್ಲ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮಾಸಾಶನ ಕಂದಾಯ ಇಲಾಖೆಯ ಕೈಯಲ್ಲಿದೆ. ನಾಡಕಚೇರಿ, ತಹಶೀಲ್ದಾರ್ ಅದರ ದಾರಿ. ಹಿರಿಯ ನಾಗರಿಕರ ಗುರುತಿನ ಚೀಟಿ, ವೃದ್ಧಾಶ್ರಮ, 14567 ಸಹಾಯವಾಣಿ ಇವೆಲ್ಲ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಬಾಬತ್ತು. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯವು. ಆದರೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಜನರ ಬಾಯಲ್ಲಿ ಇಂದಿಗೂ ಕಿಮ್ಸ್), ಗದಗಿನ ಜಿಮ್ಸ್, ಹಾವೇರಿಯ ಹಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಡಿ ದೂರು ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಬಸ್ಸಿನ ರಿಯಾಯಿತಿ ವಾಯವ್ಯ ಸಾರಿಗೆಯದ್ದು. ನೀವು ಹಿಡಿದ ಸಮಸ್ಯೆ ಈ ಆರರಲ್ಲಿ ಯಾರ ಅಂಗಳದಲ್ಲಿದೆ ಎಂದು ಮೊದಲು ತಿಳಿಯಬೇಕು. ಎರಡು ಅಂಗಳದ ನಡುವಿನ ಗೋಡೆಯ ಮೇಲೆ ಕೂತಿದ್ದರೆ ಇನ್ನೂ ಒಳ್ಳೆಯದು. ಫೆಲೋಶಿಪ್ ಸಮಿತಿಗಳಿಗೆ ಅಂಥ ಸಮಸ್ಯೆ ಇಷ್ಟ.

ಒಂದು ಉದಾಹರಣೆ ಹಿಡಿದು ಕೊನೆತನಕ ನೋಡೋಣ. ರಾಣೆಬೆನ್ನೂರು ಅಥವಾ ಶಿರಹಟ್ಟಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆಯನ್ನು ಹಿರಿಯರಿಗೆ ಒಮ್ಮೆಗೆ 10 ದಿನದ್ದು ಮಾತ್ರ ಕೊಡುತ್ತಾರೆ ಎಂದುಕೊಳ್ಳಿ. ಅಜ್ಜ ತಿಂಗಳಿಗೆ ಮೂರು ಸಲ ಬರಬೇಕು. ಎರಡನೇ ಸಲ ಬರುತ್ತಾನೆ, ಮೂರನೇ ಸಲ ಬಿಡುತ್ತಾನೆ. ಇಲ್ಲಿ ಸಾಮಾನ್ಯ ಅರ್ಜಿದಾರರು ಬರೆಯುವುದು: ಹಿರಿಯರಲ್ಲಿ ಅರಿವಿನ ಕೊರತೆ ಇದೆ, ಜಾಗೃತಿ ಶಿಬಿರ ಮಾಡಬೇಕು. ನೀತಿ ಬಲ್ಲವರು ಔಷಧ ದಾಸ್ತಾನು ಪುಸ್ತಕ ತೆಗೆಯುತ್ತಾರೆ.

ಲೆಕ್ಕ ಹೀಗೆ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬುದು ಮಾನದಂಡ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 60 ದಾಟಿದವರ ಪಾಲು ಶೇ 9.5ರ ಆಸುಪಾಸು. ಅಂದರೆ ಆ ಕೇಂದ್ರದ ವ್ಯಾಪ್ತಿಯಲ್ಲಿ ಸುಮಾರು 2,850 ಹಿರಿಯರು. ಮೂರರಲ್ಲಿ ಒಬ್ಬರಿಗೆ ರಕ್ತದೊತ್ತಡ ಇದೆ ಎಂದು ಹಿಡಿದರೆ 950. ಅರ್ಧದಷ್ಟು ಜನ ಖಾಸಗಿ ದವಾಖಾನೆಗೆ ಹೋಗುತ್ತಾರೆ ಎಂದರೆ ಉಳಿದವರು 475. ದಿನಕ್ಕೊಂದು ಅಮ್ಲೋಡಿಪಿನ್ ಎಂದರೂ ತಿಂಗಳಿಗೆ 14,250 ಮಾತ್ರೆ, ವರ್ಷಕ್ಕೆ 1,71,000. ಈಗ ಪುಸ್ತಕದಲ್ಲಿ ವರ್ಷಕ್ಕೆ ಬಂದದ್ದು 60,000 ಎಂದು ಕಂಡರೆ? ತಲಾ 126 ಮಾತ್ರೆ. ತಿಂಗಳಿಗೆ ಹತ್ತೂವರೆ. ಹತ್ತು ದಿನದ ಚೀಟಿಯ ಗುಟ್ಟು ಅಲ್ಲೇ ಬಿಚ್ಚಿಕೊಳ್ಳುತ್ತದೆ. ವೈದ್ಯಾಧಿಕಾರಿ ಜಿಪುಣರಲ್ಲ, ಕಪಾಟು ಖಾಲಿಯಾದೀತೆಂದು ಹಂಚಿ ಹಂಚಿ ಕೊಡುತ್ತಿದ್ದಾರೆ. ಬಿಟ್ಟುಹೋದವರ ಮಾತ್ರೆ ಖರ್ಚಾಗದೆ ಉಳಿದರೆ ಬಳಕೆ ಕಡಿಮೆ ಎಂದು ಮುಂದಿನ ವರ್ಷದ ಬೇಡಿಕೆಪಟ್ಟಿಯೂ ಸಣ್ಣದಾಗುವ ಅಪಾಯವಿದೆ. ಬೇಡಿಕೆಪಟ್ಟಿ ಹೋಗುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮಕ್ಕೆ. ಹಾಗಾದರೆ ನಿಮ್ಮ ಸಹಿ ಶಿಬಿರದ ಬ್ಯಾನರಿನ ಮೇಲಿಲ್ಲ, ಬೇಡಿಕೆಪಟ್ಟಿಯನ್ನು ಹೋದ ವರ್ಷದ ಬಳಕೆಯ ಬದಲು ರೋಗಿಗಳ ಸಂಖ್ಯೆಯ ಮೇಲೆ ಕಟ್ಟಬೇಕೆಂಬ ಸುತ್ತೋಲೆಯ ಮೇಲಿದೆ.

ಇಲ್ಲಿನ 60,000 ಉದಾಹರಣೆಗೆ ಇಟ್ಟ ಅಂಕಿ. ನಿಮ್ಮ ಕೇಂದ್ರದ ಅಂಕಿ ಹಾಕಿದಾಗ ಕಥೆ ಬೇರೆಯೇ ಆಗಬಹುದು. ಮಾತ್ರೆ ಸಾಕಷ್ಟಿದ್ದು, ಬರುವ ದಾರಿಯೇ ತೊಡಕಾಗಿರಬಹುದು. ಆಗ ಇನ್ನೊಂದು ಎಳೆ ಸಿಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಬಸ್ಸು ಉಚಿತ. ಅಜ್ಜನಿಗೆ ಹಿರಿಯ ನಾಗರಿಕರ ಶೇ 25 ರಿಯಾಯಿತಿ ಮಾತ್ರ. ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ (2010-11ರಲ್ಲಿ ಶುರುವಾದದ್ದು) ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಸಮುದಾಯ ಕೇಂದ್ರದಲ್ಲಿ ವಾರಕ್ಕೆ ಎರಡು ಸಲ, ಜಿಲ್ಲಾಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡು ಎಂದು ಹೇಳುತ್ತದೆ. ಆ ವಾರದ ದಿನ ಊರಿನ ಸಂತೆಯ ದಿನವೇ? ಸಂತೆಗೆ ಹೇಗೂ ಬರುವವರು ದವಾಖಾನೆಗೂ ಬರುತ್ತಾರೆ. ದಿನ ಬದಲಿಸಲು ಬೆಂಗಳೂರಿನ ಆದೇಶ ಬೇಕಿಲ್ಲ, ಜಿಲ್ಲಾ ಮಟ್ಟದಲ್ಲೇ ಆಗುವ ಮಾತು. ಇಂಥ ಸಣ್ಣ ನಿರ್ಧಾರವನ್ನು ಅರ್ಜಿಯಲ್ಲಿ ಬರೆಯಲು ಹಲವರು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಸಣ್ಣ ನಿರ್ಧಾರ, ದೊಡ್ಡ ಸಂಖ್ಯೆ ಎಂಬ ಜೋಡಿಗೆ ಬೆಲೆ ಇದೆ.

ಅಂಕಿ ಎಲ್ಲಿ ಸಿಗುತ್ತದೆ, ಎಲ್ಲಿ ಮೋಸ ಹೋಗುತ್ತೇವೆ

ಮೊದಲ ಮೂಲ ಲಾಸಿ, ಅಂದರೆ ಭಾರತದ ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನ. 45 ದಾಟಿದವರು, ಅವರ ಬಾಳಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಮೊದಲ ಸುತ್ತಿನ ವರದಿ 2021ರಲ್ಲಿ ಬಂತು. ಅಧ್ಯಯನ ನಡೆಸಿದ ಮುಂಬೈನ ಐಐಪಿಎಸ್ ಸಂಸ್ಥೆಗೆ ನಮೂನೆ ತುಂಬಿ ಕೇಳಿದರೆ ಮೂಲ ದತ್ತಾಂಶವನ್ನೇ ಕೊಡುತ್ತಾರೆ. ಆದರೆ ಅದು ರಾಜ್ಯ ಮಟ್ಟಕ್ಕೆ ನಿಲ್ಲುತ್ತದೆ. ಲಾಸಿ ತೋರಿಸಿ ಹಾವೇರಿ ಜಿಲ್ಲೆಯಲ್ಲಿ ಹೀಗಿದೆ ಎಂದು ಬರೆದರೆ, ಸಮೀಕ್ಷೆ ಬಲ್ಲ ಪರೀಕ್ಷಕರು ಅಲ್ಲೇ ಕೆಂಪು ಗೆರೆ ಎಳೆಯುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿಗೆ (ಎನ್‌ಎಫ್‌ಎಚ್‌ಎಸ್-5) ಜಿಲ್ಲಾವಾರು ಅಂಕಿಅಂಶ ಪತ್ರಿಕೆ ಇದೆ, ರಕ್ತದೊತ್ತಡ, ಸಕ್ಕರೆಯ ಅಂಕಿಯೂ ಇದೆ. ಆದರೆ ಆ ಪತ್ರಿಕೆಯಲ್ಲಿ ಅದು 15 ವರ್ಷ ಮೇಲ್ಪಟ್ಟ ಎಲ್ಲರದು, ಹಿರಿಯರದಷ್ಟೇ ಅಲ್ಲ. ಜಿಲ್ಲೆಯ ಹಿರಿಯರ ಎಣಿಕೆಗೆ 2011ರ ಜನಗಣತಿಯ ಸಿ-14 ಕೋಷ್ಟಕ ನೋಡಿ. ಐದೈದು ವರ್ಷದ ವಯೋಗುಂಪು, ಗಂಡು-ಹೆಣ್ಣು, ಊರು-ಪೇಟೆ ಬೇರೆ ಬೇರೆ ಸಿಗುತ್ತದೆ. ಹಳೆಯದು ನಿಜ. ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅದರ ಕೋಷ್ಟಕ ಬರುವತನಕ ಹಳೆಯದೆಂದು ಹೇಳಿಯೇ ಬಳಸಬೇಕು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರಿಗೆ ಒಂದು ಮಾತು. ಧಾರವಾಡದಲ್ಲೇ ಜೆಎಸ್‌ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯ ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ. ಕೇಂದ್ರ ಆರೋಗ್ಯ ಸಚಿವಾಲಯದ ನೆರವಿನಿಂದ ನಡೆಯುವ ಇಂಥ ಕೇಂದ್ರಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಅದೇ ಊರಿನಲ್ಲಿ ಸಿಎಂಡಿಆರ್ ಎಂಬ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಇದೆ. ಪಂಚಾಯತಿ ಹಣಕಾಸಿನಂಥ ವಿಷಯದಲ್ಲಿ ಅದು ಪಳಗಿದೆ. ಗದಗ ಪಕ್ಕದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಮಾದರಿ ಗಾತ್ರ ಎಷ್ಟಿರಬೇಕು, ಪ್ರಶ್ನಾವಳಿ ಹೇಗೆ ಕಟ್ಟಬೇಕು ಎಂದು ಕೇಳಲು ಬೆಂಗಳೂರು ಬಸ್ಸು ಹತ್ತಬೇಕಿಲ್ಲ.

ಕಚೇರಿಯಲ್ಲಿ ಸಿಗದ ಅಂಕಿಗೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿಗೆ ಇನ್ನು 30 ದಿನದ ಅವಕಾಶ. ಏಕೆ ಕೊಟ್ಟಿಲ್ಲ ಎಂದು ಕೇಳಬೇಡಿ. ಕಾರಣ ಕೇಳುವ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಇಂಥ ಮೂರು ಆರ್ಥಿಕ ವರ್ಷದಲ್ಲಿ ಈ ಔಷಧಕ್ಕೆ ಸಲ್ಲಿಸಿದ ಬೇಡಿಕೆ ಎಷ್ಟು, ಬಂದದ್ದು ಎಷ್ಟು, ದಾಖಲೆಯ ಪ್ರತಿ ಕೊಡಿ ಎಂದು ಕೇಳಿ. ಅದೇ ಇಲಾಖೆಯಲ್ಲಿ ನೌಕರಿ ಮಾಡುವವರು ಈ ದಾರಿ ಹಿಡಿಯುವ ಮುಂಚೆ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಬಾಯಿಮಾತಿನಲ್ಲಿ ಕೇಳುವುದು ಲೇಸು. ಮುಂದೆ ನಿರಾಕ್ಷೇಪಣಾ ಪತ್ರಕ್ಕೆ ಅವರ ಮೇಜಿನ ಮುಂದೆಯೇ ನಿಲ್ಲಬೇಕಲ್ಲ.

ರೋಗಿಗಳನ್ನು ಮಾತನಾಡಿಸಿ ಮಾಹಿತಿ ಕೂಡಿಸುವುದಾದರೆ ನೈತಿಕ ಸಮಿತಿಯ ಅನುಮತಿ ಬೇಕು. ಹತ್ತಿರದ ವೈದ್ಯಕೀಯ ಕಾಲೇಜಿನ ಸಮಿತಿಯ ಮುಂದೆ ಹೋಗಲು ಎರಡು ಮೂರು ತಿಂಗಳು ಇಟ್ಟುಕೊಳ್ಳಿ. ಹೆಸರಿಲ್ಲದ ದಾಸ್ತಾನು ಲೆಕ್ಕಕ್ಕೆ ಕಚೇರಿಯ ಲಿಖಿತ ಅನುಮತಿ ಪಡೆದು ಜೋಪಾನವಾಗಿ ಇಡಿ. ಹಿರಿಯರ ಸಾಮರ್ಥ್ಯ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಐಕೋಪ್ ಕೈಪಿಡಿಯ ಆರು ಅಂಶಗಳನ್ನು ಬಳಸಿದರೆ ಹೊರಗಿನ ಓದುಗರಿಗೂ ಅರ್ಥವಾಗುತ್ತದೆ: ನೆನಪು, ನಡಿಗೆ, ಪೋಷಣೆ, ದೃಷ್ಟಿ, ಶ್ರವಣ, ಮನಸ್ಸಿನ ಖಿನ್ನತೆ. ನಿಮ್ಮದೇ ಹೊಸ ಮಾಪಕ ತಯಾರಿಸಲು ಹೋಗಬೇಡಿ.

ಪ್ರಬಂಧ

ಅರ್ಜಿ ಇಂಗ್ಲಿಷಿನಲ್ಲಿರುತ್ತದೆ. ಆದರೆ ಮೊದಲ ಕರಡು ಕನ್ನಡದಲ್ಲಿ ಬರೆಯಿರಿ. ಇದು ಭಾಷಾಭಿಮಾನದ ಮಾತಲ್ಲ. ಇಂಗ್ಲಿಷಿನಲ್ಲಿ ನೇರ ಬರೆದರೆ ತೂಕದ ಪದಗಳು ಬಂದು ಕೂರುತ್ತವೆ, ವಿಷಯ ಜಾಗ ಬಿಡುತ್ತದೆ. ಅದೇ ಮಾತನ್ನು ಒಬ್ಬ ಆಶಾ ಕಾರ್ಯಕರ್ತೆಗೆ ಎರಡು ನಿಮಿಷದಲ್ಲಿ ಹೇಳಿ ನೋಡಿ. ಆಕೆ ತಿರುಗಿ ಒಂದು ಪ್ರಶ್ನೆ ಕೇಳಿದರೆ ನಿಮ್ಮ ವಿಷಯ ಗಟ್ಟಿ ಇದೆ. ಸುಮ್ಮನೆ ತಲೆಯಾಡಿಸಿದರೆ ಇನ್ನೂ ಮೂಡಿಲ್ಲ.

ಮೊದಲ ಪರಿಚ್ಛೇದದಲ್ಲಿ ನಾಲ್ಕು ಸಂಗತಿ ಬಂದಿರಬೇಕು: ಎಷ್ಟು ಜನ, ಯಾವ ಜಾಗ, ಯಾವ ನಿರ್ಧಾರ, ಅದು ಯಾರದು. ಹಿರಿಯರ ಸೇವೆಯೇ ನನ್ನ ಬಾಳಿನ ಗುರಿ ಎಂಬಂಥ ವಾಕ್ಯ ತೆಗೆದುಹಾಕಿ. ಅದನ್ನು ಬರೆಯದ ಅರ್ಜಿದಾರರೇ ಇಲ್ಲ. ಅಜ್ಜಿಯ ಕಾಯಿಲೆಯ ಕಥೆಯಿಂದ ಶುರುಮಾಡುವುದೂ ಅಷ್ಟೇ ಸವೆದ ದಾರಿ. ಎರಡನೇ ಪರಿಚ್ಛೇದದಲ್ಲಿ ನೀವು ಈಗಾಗಲೇ ಏನು ಪ್ರಯತ್ನಿಸಿದಿರಿ, ಎಲ್ಲಿ ನಿಂತಿತು ಎಂದು ಬರೆಯಿರಿ. ನಿಂತ ಜಾಗ ಮುಖ್ಯ. ತಹಶೀಲ್ದಾರ್ ಕಚೇರಿಯತನಕ ಹೋಗಿ, ಇದು ನಮ್ಮ ಇಲಾಖೆಯದಲ್ಲ ಎಂಬ ಉತ್ತರ ಪಡೆದ ಅನುಭವ ಒಂದು ಚಿನ್ನದ ಪದಕಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೂರನೆಯದರಲ್ಲಿ, ಆ ತಡೆ ದಾಟಲು ನಿಮಗೆ ಏನು ಬರುವುದಿಲ್ಲ, ಅದನ್ನು ಈ ಫೆಲೋಶಿಪ್ ಹೇಗೆ ಕಲಿಸುತ್ತದೆ ಎಂದು ಹೇಳಿ. ಬಜೆಟ್ ಓದಲು ಬರುವುದಿಲ್ಲ, ದತ್ತಾಂಶ ವಿಶ್ಲೇಷಣೆ ಬರುವುದಿಲ್ಲ ಎಂದು ನೇರವಾಗಿ ಬರೆದವರು ಸೋಲುವುದಿಲ್ಲ. ಎಲ್ಲ ಬರುತ್ತದೆ ಎಂದವರನ್ನು ಸಮಿತಿ ಕೇಳುವುದು ಒಂದೇ: ಹಾಗಿದ್ದರೆ ಇಲ್ಲಿಗೇಕೆ ಬರುತ್ತೀರಿ?

ಕಾನೂನಿನ ವಿಷಯ ಎತ್ತಿಕೊಂಡವರು ಕಾಯ್ದೆಯ ಅಕ್ಷರ ಸರಿಯಾಗಿ ಓದಿರಬೇಕು. 2007ರ ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ, ಅರ್ಜಿ ಇತ್ಯರ್ಥಕ್ಕೆ 90 ದಿನ, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ರದ್ದು ಮಾಡುವ ಅವಕಾಶ 23ನೇ ಕಲಮಿನಲ್ಲಿ. ಷರತ್ತು ಪತ್ರದಲ್ಲಿ ಬರೆದಿರಬೇಕೇ ಎಂಬ ವಿಚಾರ ನ್ಯಾಯಾಲಯಗಳ ಮೆಟ್ಟಿಲೇರಿದೆ. ಪ್ರತಿ ಜಿಲ್ಲೆಗೆ ಕನಿಷ್ಠ 150 ಜನರ ವೃದ್ಧಾಶ್ರಮ ಎಂಬುದು 19ನೇ ಕಲಮು. ಅದರ ಮಾತುಗಳಲ್ಲಿ 'ಸ್ಥಾಪಿಸಬಹುದು' ಮತ್ತು 'ಸ್ಥಾಪಿಸಬೇಕು' ನಡುವೆ ಇರುವ ಅಂತರದ ಮೇಲೆಯೇ ಒಂದು ಇಡೀ ಪ್ರಬಂಧ ನಿಲ್ಲುತ್ತದೆ.

ಶಿಫಾರಸು ಪತ್ರ

ನಮ್ಮ ಕಡೆ ಇದು ನಡೆಯುವ ರೀತಿ ಎಲ್ಲರಿಗೂ ಗೊತ್ತು. "ಸರ್, ಒಂದು ರೆಫರೆನ್ಸ್ ಲೆಟರ್ ಬೇಕಾಗಿತ್ರಿ." "ನೀವ ಬರಕೊಂಡ ಬರ್ರಿ, ಸಹಿ ಮಾಡತೇನಿ." ಮೂವರು ಹೀಗೆ ಹೇಳಿದರೆ ಮೂರೂ ಪತ್ರ ಒಂದೇ ಕೈಯವು, ಒಂದೇ ಪದ, ಒಂದೇ ಹೊಗಳಿಕೆ. ಸಮಿತಿ ಮೂರನ್ನೂ ಪಕ್ಕಪಕ್ಕ ಇಟ್ಟು ಓದುತ್ತದೆ. ಇದಕ್ಕೆ ಪರಿಹಾರ ಪತ್ರ ಬರೆದುಕೊಡುವುದಲ್ಲ, ಒಂದು ಪುಟದ ಟಿಪ್ಪಣಿ ಕೊಡುವುದು: ಅವರ ಕೈಕೆಳಗೆ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಇದ್ದಿರಿ, ಅವರು ಕಣ್ಣಾರೆ ಕಂಡ ಎರಡು ಕೆಲಸ, ಫೆಲೋಶಿಪ್ ಏನನ್ನು ಅಳೆಯುತ್ತದೆ, ಕೊನೆಯ ದಿನಾಂಕ. ವಾಕ್ಯ ಅವರದೇ ಇರಲಿ. ಕುಲಪತಿ, ಶಾಸಕರ ಹೆಸರಿಗೆ ಆಸೆಪಡಬೇಡಿ. ನಿಮ್ಮನ್ನು ಎರಡು ಸಲ ನೋಡಿದ ದೊಡ್ಡವರಿಗಿಂತ ಎರಡು ವರ್ಷ ನೋಡಿದ ತಾಲ್ಲೂಕು ಆರೋಗ್ಯಾಧಿಕಾರಿ ಲೇಸು. ಪತ್ರ ಅವರ ಸಂಸ್ಥೆಯ ಇ-ಮೇಲ್‌ನಿಂದಲೇ ಹೋಗಬೇಕೆಂದು ಕೆಲವು ಕಡೆ ಕೇಳುತ್ತಾರೆ. ಕಚೇರಿ ಇ-ಮೇಲ್ ತೆರೆಯದೆ ವರ್ಷವಾದ ಅಧಿಕಾರಿಗಳಿದ್ದಾರೆ, ಆರು ವಾರ ಮೊದಲೇ ವಿಚಾರಿಸಿ.

ಕಾಗದಪತ್ರ

ಮೊದಲ ತೊಡಕು ಹೆಸರು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ. ಪದವಿ ಪ್ರಮಾಣಪತ್ರದಲ್ಲಿ ಇನಿಶಿಯಲ್ಲು. ಆಧಾರ್‌ನಲ್ಲಿ ಅಡ್ಡಹೆಸರಿನ ಕಾಗುಣಿತವೇ ಬೇರೆ. ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೊಂದು ಸುತ್ತು. ಪಾಸ್‌ಪೋರ್ಟಿನ ಹೆಸರೇ ಅಂತಿಮ ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಹೊಂದದಿದ್ದರೆ ಅಫಿಡವಿಟ್ ಮಾಡಿಸಿ ಇಡಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ.

ಎರಡನೆಯದು ಅಂಕಗಳ ಟ್ರಾನ್ಸ್‌ಕ್ರಿಪ್ಟ್. ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಓದಿದವರದ್ದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಿಂದ ಬರಬೇಕು. ಆ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದಕ್ಕೂ ಹಿಂದಿನ ಹುಬ್ಬಳ್ಳಿಯ ಪದವೀಧರರ ದಾಖಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಪಾವಟೆ ನಗರದಲ್ಲಿ. ಎರಡು ತಿಂಗಳು ಹಿಡಿಯಬಹುದೆಂದು ಲೆಕ್ಕವಿಡಿ. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಅಂಕ ಎರಡು ವರ್ಷ ಮಾತ್ರ ಚಾಲ್ತಿ. ತೀರಾ ಮೊದಲೇ ಬರೆದರೆ ಸಂದರ್ಶನದ ಹೊತ್ತಿಗೆ ಹಳತಾಗುತ್ತದೆ.

ಮೂರನೆಯದು ಸರ್ಕಾರಿ ನೌಕರರ ಅನುಮತಿ. ಇದೇ ಎಲ್ಲಕ್ಕಿಂತ ನಿಧಾನ. ಅರ್ಜಿ ಹಾಕುವ ಮುಂಚೆಯೇ ನಿಯಂತ್ರಣಾಧಿಕಾರಿಯ ಮೂಲಕ ನಿರಾಕ್ಷೇಪಣಾ ಪತ್ರಕ್ಕೆ ಬರೆಯಿರಿ. ಆಯ್ಕೆಯಾದ ಮೇಲೆ ಬರೆದರೆ ಕಡತ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಸಚಿವಾಲಯಕ್ಕೆ ಹೋಗಿ ಬರುವಷ್ಟರಲ್ಲಿ ತರಗತಿ ಶುರುವಾಗಿರುತ್ತದೆ. ರಜೆ ಅಧ್ಯಯನ ರಜೆಯೋ, ನಿಯೋಜನೆಯೋ, ವೇತನರಹಿತವೋ ಎಂಬುದನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಕೇಳಿ. ಬಾಂಡ್ ಬರೆದುಕೊಡಬೇಕಾದರೆ ಅವಧಿ, ಮೊತ್ತ ಓದಿಯೇ ಸಹಿ ಹಾಕಿ. ಪ್ರಯಾಣ, ವಸತಿ, ಊಟದ ಖರ್ಚನ್ನು ವಿದೇಶಿ ಸಂಸ್ಥೆ ಹೊರುವುದಾದರೆ ವಿದೇಶಿ ವಂತಿಗೆ ಕಾಯ್ದೆಯ 6ನೇ ಕಲಮಿನಂತೆ ಸರ್ಕಾರಿ ನೌಕರರು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಪಡೆಯಬೇಕು. ಎಫ್‌ಸಿ-2 ನಮೂನೆ, ಜೊತೆಗೆ ಆಹ್ವಾನ ಪತ್ರ ಮತ್ತು ಇಲಾಖೆಯ ಒಪ್ಪಿಗೆ. ಪ್ರಯಾಣಕ್ಕೆ ಎರಡು ವಾರ ಮೊದಲು ತಲುಪಿರಬೇಕು. ವಿದ್ಯಾರ್ಥಿವೇತನ ಪಡೆಯುವುದಕ್ಕೆ ಅದೇ ಕಾಯ್ದೆ ವಿನಾಯಿತಿ ಕೊಡುತ್ತದೆ, ಆತಿಥ್ಯದ ಮಾತು ಬೇರೆ. ಇವೆರಡನ್ನು ಗೊಂದಲ ಮಾಡಿಕೊಂಡವರೇ ಹೆಚ್ಚು.

ಅಮೆರಿಕಕ್ಕೆ ಹಂಫ್ರಿಯಂಥ ಕಾರ್ಯಕ್ರಮದಲ್ಲಿ ಹೋಗುವವರು ಜೆ-1 ವೀಸಾದ ಎರಡು ವರ್ಷದ ಸ್ವದೇಶ ವಾಸದ ಷರತ್ತು ತಿಳಿದಿರಬೇಕು. ಅಲ್ಲಿ ರೋಗಿಗಳನ್ನು ಮುಟ್ಟಿ ಚಿಕಿತ್ಸೆ ಕೊಡುವಂತಿಲ್ಲ ಎಂಬುದೂ ವೈದ್ಯರಿಗೆ ಗೊತ್ತಿರಲಿ. ಸ್ಯಾನ್ ಫ್ರಾನ್ಸಿಸ್ಕೊ, ಡಬ್ಲಿನ್ ಎರಡರಲ್ಲೂ ಮನೆ ಬಾಡಿಗೆ ಭತ್ಯೆಯ ದೊಡ್ಡ ಪಾಲನ್ನು ನುಂಗುತ್ತದೆ. ಊರಿನಲ್ಲಿರುವ ಮನೆಸಾಲದ ಕಂತು ಅದರಿಂದಲೇ ಕಟ್ಟುತ್ತೇನೆ ಎಂಬ ಲೆಕ್ಕ ಕೂಡುವುದಿಲ್ಲ.

ಸಂದರ್ಶನ

ಹೆಚ್ಚು ಹೇಳುವುದಿಲ್ಲ. ನಿಮ್ಮ ಪ್ರಸ್ತಾವಕ್ಕೆ ಯಾರು ವಿರೋಧಿಸುತ್ತಾರೆ, ಅವರ ಮಾತಿನಲ್ಲಿ ಏನು ನ್ಯಾಯವಿದೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಹಣಕಾಸು ಇಲಾಖೆ ಬೇಡ ಎಂದರೆ? ಔಷಧ ಸಹಾಯಕರು ಕೆಲಸ ಹೆಚ್ಚಾಯಿತು ಎಂದರೆ? ವಿರೋಧಿಯನ್ನು ಖಳನಾಯಕ ಮಾಡಿದವರು ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಕರೆಂಟು ಹೋದರೂ ನಿಲ್ಲದ ಸಂಪರ್ಕ ನೋಡಿಟ್ಟುಕೊಳ್ಳಿ. ಅಮೆರಿಕದ ಸಂದರ್ಶನ ನಮ್ಮ ರಾತ್ರಿ ಹೊತ್ತಿಗೆ ಬೀಳುತ್ತದೆ.

ಹೋದ ಮೇಲೆ, ಬಂದ ಮೇಲೆ

ವರ್ಷದ ಮೊದಲ ತಿಂಗಳಲ್ಲೇ ಊರಿನ ಕಡತದ ಜೊತೆ ಸಂಬಂಧ ಕಡಿದುಹೋಗುವುದು ಸಾಮಾನ್ಯ. ತಿಂಗಳಿಗೊಮ್ಮೆ ಜಿಲ್ಲೆಯ ಒಬ್ಬ ಅಧಿಕಾರಿಗೆ, ಒಬ್ಬ ಸಹೋದ್ಯೋಗಿಗೆ ಅರ್ಧ ಪುಟ ಬರೆಯುವ ರೂಢಿ ಇಟ್ಟುಕೊಳ್ಳಿ. ನೀವು ಇಲ್ಲದಾಗ ಅಧಿಕಾರಿ ವರ್ಗವಾದರೆ ಹೊಸಬರಿಗೆ ನಿಮ್ಮ ಹೆಸರು ಗೊತ್ತಿರುವುದು ಆ ಅರ್ಧ ಪುಟದಿಂದಲೇ.

ತಿರುಗಿ ಬರುವ ತಿಂಗಳನ್ನು ಸರ್ಕಾರದ ಪಂಚಾಂಗ ನೋಡಿ ಹೊಂದಿಸಿಕೊಳ್ಳಬೇಕು. ರಾಜ್ಯ ಬಜೆಟ್ ಫೆಬ್ರುವರಿ-ಮಾರ್ಚಿನಲ್ಲಿ. ಇಲಾಖೆಗಳಿಗೆ ಪ್ರಸ್ತಾವ ತಲುಪಬೇಕಾದದ್ದು ಅದಕ್ಕೆ ತಿಂಗಳುಗಳ ಮೊದಲು. ಜನವರಿ ದಾಟಿದ ಮೇಲೆ ಕೊಟ್ಟ ಟಿಪ್ಪಣಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಹಿರಿಯರ ಆರೋಗ್ಯ ಕಾರ್ಯಕ್ರಮದ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುತ್ತದೆ, ಕೇಂದ್ರ 60, ರಾಜ್ಯ 40ರ ಪಾಲು. ಅದರ ವಾರ್ಷಿಕ ಯೋಜನೆಗೆ ಜಿಲ್ಲೆಯಿಂದ ಸಾಲು ಸೇರಿಸಬೇಕು. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುತ್ತದೆ, ನಮಗೆ ಹತ್ತಿರ. ನವೆಂಬರ್ ಮೊದಲ ವಾರದಲ್ಲೇ ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಪುಟ, ಅದರ ಜೊತೆ ಕೇಳಬಹುದಾದ ಎರಡು ಪ್ರಶ್ನೆ ಬರೆದುಕೊಡಿ. ಪ್ರಶ್ನೆಗೆ ಸರ್ಕಾರ ಲಿಖಿತ ಉತ್ತರ ಕೊಟ್ಟರೆ, ನಿಮಗೆ ಯಾವ ಕಚೇರಿಯಲ್ಲೂ ಸಿಗದ ಅಂಕಿ ಸದನದ ದಾಖಲೆಯಲ್ಲಿ ಸಿಗುತ್ತದೆ.

ಜಿಲ್ಲೆಯೊಳಗಿನ ವಿಷಯವಾದರೆ ಉಸ್ತುವಾರಿ ಸಚಿವರ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ. ಅಲ್ಲಿ ನಿಮಗೆ ಮಾತನಾಡಲು ಅವಕಾಶವಿರುವುದಿಲ್ಲ, ಆರೋಗ್ಯಾಧಿಕಾರಿಗೆ ಇರುತ್ತದೆ. ಆದ್ದರಿಂದ ಟಿಪ್ಪಣಿ ಅವರ ಬಾಯಿಂದ ಬರುವಂತೆ ಬರೆಯಿರಿ: ಅವರ ಇಲಾಖೆಯ ತಪ್ಪು ಎಂದಲ್ಲ, ಇಷ್ಟು ಮಾತ್ರೆ ಬೇಕು, ಇಷ್ಟು ಬಂದಿದೆ, ವ್ಯತ್ಯಾಸ ಇಷ್ಟು ಎಂದು. ದೊಡ್ಡ ಅಕ್ಷರದಲ್ಲಿ, ಒಂದೇ ಮಗ್ಗುಲಿಗೆ ಮುದ್ರಿಸಿ, ಸಭೆಯ ಹಿಂದಿನ ದಿನ ಸಂಜೆಯೊಳಗೆ ಅವರ ಆಪ್ತ ಸಹಾಯಕರ ಕೈಗೆ ಕೊಡಿ. ಅಂದು ಬೆಳಿಗ್ಗೆ ಕೊಟ್ಟದ್ದನ್ನು ಯಾರೂ ಓದುವುದಿಲ್ಲ.